ಕಾದಿದ್ದರಲ್ಲಿ ನಾವೇ ಮೊದಲಾ? ನನ್ನದೊಂದು ತಕರಾರು

ಸಂಪಾದಕರಿಗೆ ನಮಸ್ಕಾರ.

2025ರ ಜೂನ್‌ನಲ್ಲಿ ಆರ್‌ಸಿಬಿ ಐಪಿಎಲ್ ಗೆದ್ದ ಮೇಲೆ ನಿಮ್ಮ ಕ್ರೀಡಾ ಪುಟದಲ್ಲಿ ಒಂದು ಬರಹ ಬಂದಿತ್ತು. ಬೆಂಗಳೂರಿನಲ್ಲಿರುವ ನನ್ನ ತಮ್ಮ ಅದರ ಫೋಟೊ ತೆಗೆದು ಕಳಿಸಿದ್ದ. ಒಂದು ಕಪ್ಪಿಗಾಗಿ 18 ವರ್ಷ ಕಾದ ಅಭಿಮಾನಿಗಳು ಜಗತ್ತಿನಲ್ಲಿ ಬೇರೆಲ್ಲೂ ಸಿಗುವುದಿಲ್ಲ ಅನ್ನುವ ಅರ್ಥದ ಸಾಲು ಅದರಲ್ಲಿತ್ತು. ಖುಷಿಯಲ್ಲಿ ಬರೆದದ್ದು, ಹೋಗಲಿ ಬಿಡು ಅಂತ ಆಗ ಸುಮ್ಮನಾದೆ. ಈಗ ಶಾಲೆಗಳಿಗೆ ಬೇಸಿಗೆ ರಜೆ, ನನ್ನ ಬಸ್ಸಿಗೂ ರಜೆ. ಕೂತು ಬರೆಯಲು ಪುರುಸೊತ್ತಾಗಿದೆ.

ಮೊದಲನೇ ತಕರಾರು ಚಿಕ್ಕದು. ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಎದುರಿಗೆ ಆಡಿದ್ದು ಪಂಜಾಬ್ ಕಿಂಗ್ಸ್. ಅವರದೂ ಅದೇ 18 ವರ್ಷ ಅಲ್ವಾ? ನಾವು ಗೆದ್ದೆವು, ಅವರು ಇನ್ನೂ ಕಾಯುತ್ತಿದ್ದಾರೆ. ಬರೆದವರಿಗೆ ಎದುರಿಗಿದ್ದವರೇ ಕಾಣಿಸಲಿಲ್ಲ.

ಎರಡನೇ ತಕರಾರು ದೊಡ್ಡದು. ನಾನು ಟೊರಾಂಟೊದಲ್ಲಿದ್ದೇನೆ. ಶಾಲೆ ಬಸ್ ಓಡಿಸುತ್ತೇನೆ. ನನ್ನ ಟೀಮು ಟೊರಾಂಟೊ ಮೇಪಲ್ ಲೀಫ್ಸ್, ಐಸ್ ಹಾಕಿಯದು. ಲೀಫ್ಸ್ ಕೊನೆಯ ಬಾರಿ ಎನ್‌ಎಚ್‌ಎಲ್ ಲೀಗಿನ ಸ್ಟ್ಯಾನ್ಲಿ ಕಪ್ ಗೆದ್ದದ್ದು 1967ರ ಮೇ 2ರಂದು. ಮಾಂಟ್ರಿಯಲ್ ವಿರುದ್ಧ, 3–1. ಕೊನೆಯ ಗೋಲನ್ನು ನಾಯಕ ಜಾರ್ಜ್ ಆರ್ಮ್‌ಸ್ಟ್ರಾಂಗ್ ಖಾಲಿ ಬಲೆಗೆ ಹೊಡೆದರು. ನಾನು ಹುಟ್ಟಿದ್ದು ಅದರ ಮರುವರ್ಷ. ನನಗೆ ತಲೆ ನರೆತಿದೆ, ಮಗಳಿಗೆ ಮದುವೆಯಾಗಿದೆ, ಆ ಕಪ್ ಮಾತ್ರ ಈ ಊರಿಗೆ ಇನ್ನೂ ಬಂದಿಲ್ಲ. ಆಗ ಲೀಗಿನಲ್ಲಿ ಇದ್ದದ್ದೇ ಆರು ಟೀಮು, ಈಗ 32. ಆರರಲ್ಲಿ ಒಂದಾಗಿ ಗೆಲ್ಲುವುದು ಅಷ್ಟು ದೊಡ್ಡ ಮಾತಲ್ಲ ಅಂತ ಮಾಂಟ್ರಿಯಲ್‌ನವರು ಹಂಗಿಸುತ್ತಾರೆ. ಅವರ ಹತ್ತಿರ 24 ಕಪ್ ಇವೆ, ಹಂಗಿಸಲಿ. ನಮ್ಮದು 13.

ನಾನು ಇಲ್ಲಿಗೆ ಬಂದದ್ದು 1993ರ ಜನವರಿಯಲ್ಲಿ, ಮದುವೆಯಾಗಿ ಎರಡು ತಿಂಗಳಿಗೆ. ನೆಲಮಾಳಿಗೆಯಲ್ಲಿ ಬಾಡಿಗೆ. ಮೇಲೆ ಮನೆ ಮಾಲೀಕರು, ಗಂಡ ಹೆಂಡತಿ ಇಬ್ಬರೇ, ವಯಸ್ಸಾದವರು. ಮೇ 1ರ ರಾತ್ರಿ ಮೇಲಿಂದ ಧಡ್ ಅಂತ ಸದ್ದು, ಕಿರುಚಾಟ. ಯಜಮಾನರಿಗೆ ಏನೋ ಆಯಿತು ಅಂತ ನಮ್ಮವರು ಬರಿಗಾಲಲ್ಲೇ ಮೆಟ್ಟಿಲು ಹತ್ತಿದರು. ಹಿಂದೆಯೇ ನಾನು. ನೋಡಿದರೆ ಆ ಅಜ್ಜ ಸೋಫಾದ ಮೇಲೆ ನಿಂತಿದ್ದಾರೆ, ಕಣ್ಣಲ್ಲಿ ನೀರು. ಡೆಟ್ರಾಯ್ಟ್ ವಿರುದ್ಧ ಏಳನೇ ಪಂದ್ಯ, ಓವರ್‌ಟೈಮ್, ನಮ್ಮ ನಿಕೊಲಾಯ್ ಬೊರ್ಶೆವ್‌ಸ್ಕಿ ಗೋಲು ಹೊಡೆದಿದ್ದ. (ಕಪ್ಪಿಗೆ ನಾಲ್ಕು ಸುತ್ತು. ಒಂದೊಂದು ಸುತ್ತಿನಲ್ಲೂ ಏಳು ಪಂದ್ಯದಲ್ಲಿ ನಾಲ್ಕು ಗೆದ್ದವರು ಮುಂದಕ್ಕೆ. ಆಟ ಸಮವಾದರೆ ಓವರ್‌ಟೈಮ್, ಅದರಲ್ಲಿ ಮೊದಲ ಗೋಲು ಹೊಡೆದವರು ಗೆದ್ದಂತೆ.) ಅಜ್ಜಿ ನಮ್ಮನ್ನೂ ಕೂರಿಸಿ ಕೇಕ್ ಕೊಟ್ಟರು. ಆ ತಿಂಗಳು ಪೂರ್ತಿ ನಾವು ರಾತ್ರಿ ಊಟ ಮುಗಿಸಿ ಮೇಲೆ ಹೋಗುತ್ತಿದ್ದೆವು. ನನ್ನ ಇಂಗ್ಲಿಷು ಸುಧಾರಿಸಿದ್ದು ಹಾಗೆ. ಕಲಿತ ಮೊದಲ ಮಾತುಗಳು ಮನೆಯಲ್ಲಿ ಆಡುವಂಥವಲ್ಲ, ಅದು ಬೇರೆ.

ಆ ಮೇ ತಿಂಗಳು ಹೇಗೆ ಮುಗಿಯಿತು ಅಂತ ಟೊರಾಂಟೊದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಲಾಸ್ ಏಂಜಲೀಸ್ ಕಿಂಗ್ಸ್ ಜೊತೆ ಆರನೇ ಪಂದ್ಯ, ಓವರ್‌ಟೈಮ್. ವೇಯ್ನ್ ಗ್ರೆಟ್ಜ್‌ಕಿಯ ಕೋಲು ನಮ್ಮ ಡಗ್ ಗಿಲ್ಮೋರ್ ಗದ್ದಕ್ಕೆ ತಗುಲಿತು, ರಕ್ತ ಬಂತು. ಅಂಥ ತಪ್ಪಿಗೆ ಆಟಗಾರನನ್ನು ಕೆಲವು ನಿಮಿಷ ಹೊರಗೆ ಕೂರಿಸಬೇಕು, ಅದೇ ಪೆನಾಲ್ಟಿ. ಅದನ್ನು ಕೊಡಲಿಲ್ಲ. ಸ್ವಲ್ಪ ಹೊತ್ತಿಗೆ ಅದೇ ಗ್ರೆಟ್ಜ್‌ಕಿ ಗೆಲುವಿನ ಗೋಲು ಹೊಡೆದ. ಏಳನೇ ಪಂದ್ಯ ನಮ್ಮೂರಲ್ಲಿ, ಅಲ್ಲೂ ಮೂರು ಗೋಲು ಅವನದೇ, 5–4. ಗೆದ್ದಿದ್ದರೆ ಫೈನಲ್‌ನಲ್ಲಿ ಮಾಂಟ್ರಿಯಲ್ ಸಿಗುತ್ತಿತ್ತು. ಆ ಅಜ್ಜ ತೀರಿಕೊಂಡು ಎಷ್ಟೋ ವರ್ಷವಾಯಿತು. ಕೊನೆಗಾಲದಲ್ಲಿ ಆಸ್ಪತ್ರೆಗೆ ನೋಡಲು ಹೋದಾಗಲೂ ಆ ಪೆನಾಲ್ಟಿಯ ಮಾತೇ ಆಡಿದರು.

ಆ ಕಾಲದ ಆಟದ ಮನೆ ಮೇಪಲ್ ಲೀಫ್ ಗಾರ್ಡನ್ಸ್. 1931ರಲ್ಲಿ ತೆರೆದದ್ದು. 1999ರಲ್ಲಿ ಲೀಫ್ಸ್ ಬೇರೆ ಕಡೆ ಹೋದರು. ಈಗ ಆ ಕಟ್ಟಡದ ಕೆಳಗೆ ದಿನಸಿ ಅಂಗಡಿ, ಮೇಲೆ ವಿಶ್ವವಿದ್ಯಾಲಯದ ಆಟದ ಅಂಗಳ. ಅಂಗಡಿಯ ಕಪಾಟುಗಳ ನಡುವೆ ನೆಲದಲ್ಲಿ ಒಂದು ಕೆಂಪು ಚುಕ್ಕಿ ಇದೆ. ಹಳೆಯ ಅಂಗಳದ ನಟ್ಟನಡು ಅದು. ತಮ್ಮ ಬಂದಾಗ ಕರೆದುಕೊಂಡು ಹೋಗಿ ತೋರಿಸಿದೆ. ಅವನು ಚುಕ್ಕಿಯ ಮೇಲೆ ನಿಂತು, ತಳ್ಳುಗಾಡಿ ಹಿಡಿದುಕೊಂಡೇ, 'ಅಕ್ಕಾ, ಕಪ್ ಗೆದ್ದಿದ್ದು ಇಲ್ಲೇನಾ? ಈಗ ಬೇಳೆ ಸಿಗುತ್ತಲ್ಲ, ಬಿಡು' ಅಂದ. ಅವತ್ತು ನಕ್ಕೆ. ಆಗ ಅವನ ಟೀಮೂ ಗೆದ್ದಿರಲಿಲ್ಲ, ಹಾಗಾಗಿ ನಗಬಹುದಿತ್ತು.

ತಮ್ಮನಿಗೂ ನನಗೂ ಒಂದು ಒಪ್ಪಂದವಿದೆ, ಆಟ ಪೂರ್ತಿ ಮುಗಿಯುವವರೆಗೆ ಫೋನ್ ಮಾಡಬಾರದು ಅಂತ. ಅದು ಆದದ್ದು 2013ರ ಮೇ 13ರಿಂದ. ಬಾಸ್ಟನ್‌ನಲ್ಲಿ ಏಳನೇ ಪಂದ್ಯ. ಮೂರನೇ ಭಾಗದಲ್ಲಿ ನಾವು 4–1 ಮುಂದೆ, ಉಳಿದದ್ದು 15 ನಿಮಿಷಕ್ಕಿಂತ ಕಡಿಮೆ. ಬೆಂಗಳೂರಿನಲ್ಲಿ ಆಗ ಬೆಳಗಿನ ಹೊತ್ತು. ನಾನು ತಡೆಯಲಾರದೆ ಫೋನ್ ಮಾಡಿ 'ಗೆದ್ದೆವು ಕಣೋ' ಅಂದೆ. ಬಾಸ್ಟನ್‌ನವರು ಒಂದು ಹೊಡೆದರು. ಇನ್ನು 1 ನಿಮಿಷ 22 ಸೆಕೆಂಡ್ ಇರುವಾಗ ಇನ್ನೊಂದು. 51 ಸೆಕೆಂಡ್ ಇರುವಾಗ ಮತ್ತೊಂದು. ಫೋನ್ ಕೈಯಲ್ಲೇ ಇತ್ತು, ಇಬ್ಬರೂ ಮಾತಾಡಲಿಲ್ಲ. ಓವರ್‌ಟೈಮ್‌ನಲ್ಲಿ ಪ್ಯಾಟ್ರಿಸ್ ಬರ್ಜೆರಾನ್ ಮುಗಿಸಿದ. ನನ್ನ ಬಾಯಿಂದಲೇ ಸೋತರು ಅಂತ ಮಗಳು ಈಗಲೂ ಹೇಳುತ್ತಾಳೆ. ನನಗೂ ಒಳಗೊಳಗೆ ಹಾಗೇ ಅನಿಸುತ್ತದೆ.

ಆಮೇಲಿನದನ್ನು ಬೇಗ ಹೇಳಿ ಮುಗಿಸುತ್ತೇನೆ. 2018, 2019, ಬಾಸ್ಟನ್, ಏಳನೇ ಪಂದ್ಯ, ಸೋಲು. 2021ರಲ್ಲಿ ಮಾಂಟ್ರಿಯಲ್ ಮೇಲೆ ಪಂದ್ಯಗಳಲ್ಲಿ 3–1 ಮುಂದಿದ್ದು ಸೋಲು. 2022, ಟ್ಯಾಂಪಾ, ಏಳನೇ ಪಂದ್ಯ. 2023ರಲ್ಲಿ ಅದೇ ಟ್ಯಾಂಪಾವನ್ನು ಸೋಲಿಸಿ ಒಂದು ಸುತ್ತು ದಾಟಿದೆವು, 2004ರ ನಂತರ ಮೊದಲ ಸಲ. ಅವತ್ತು ಬೀದಿಯಲ್ಲಿ ಕಾರುಗಳ ಹಾರ್ನ್ ನಿಲ್ಲಲೇ ಇಲ್ಲ. ಕಪ್ ಗೆದ್ದದ್ದಕ್ಕಲ್ಲ ಸ್ವಾಮಿ, ನಾಲ್ಕು ಸುತ್ತಿನಲ್ಲಿ ಒಂದು ಗೆದ್ದದ್ದಕ್ಕೆ. 2024, ಮತ್ತೆ ಬಾಸ್ಟನ್, ಮತ್ತೆ ಏಳನೇ ಪಂದ್ಯ, ಮತ್ತೆ ಓವರ್‌ಟೈಮ್.

ಯಾಕೆ ಹೀಗೆ ಅಂತ ನಿಮ್ಮ ಓದುಗರು ಕೇಳಬಹುದು. ಬಸ್ ಯಾರ್ಡ್‌ನಲ್ಲಿ ಶಾಪ ಅನ್ನುವವರಿದ್ದಾರೆ. ನಾನು ಶಾಪ ನಂಬುವವಳಲ್ಲ, ಲೆಕ್ಕ ನಂಬುವವಳು. ಈ ಲೀಗಿನಲ್ಲಿ ಒಂದು ಟೀಮು ಆಟಗಾರರಿಗೆ ಇಷ್ಟೇ ಸಂಬಳ ಕೊಡಬಹುದು ಅಂತ ಮಿತಿಯಿದೆ. 2024–25ರಲ್ಲಿ ಅದು 8 ಕೋಟಿ 80 ಲಕ್ಷ ಡಾಲರ್. ಅದರಲ್ಲಿ ಮ್ಯಾಥ್ಯೂಸ್, ನೈಲಾಂಡರ್, ಟವಾರೆಸ್, ಮಾರ್ನರ್ ನಾಲ್ಕೇ ಜನಕ್ಕೆ 4 ಕೋಟಿ 66 ಲಕ್ಷದ ಹತ್ತಿರ. ನಾಲ್ವರೂ ಗೋಲು ಹೊಡೆಯುವ ಕಡೆಯವರು. ಉಳಿದ ಅರ್ಧಕ್ಕಿಂತ ಕಡಿಮೆ ದುಡ್ಡಿನಲ್ಲಿ ಗೋಲ್‌ಕೀಪರು, ಹಿಂದೆ ನಿಂತು ತಡೆಯುವವರು, ಮಿಕ್ಕ ಎಲ್ಲರೂ. ಅಡುಗೆಗೆ ಇಟ್ಟ ದುಡ್ಡಲ್ಲಿ ಅರ್ಧಕ್ಕಿಂತ ಜಾಸ್ತಿ ಸಿಹಿತಿಂಡಿಗೇ ಹೋದರೆ ಸಾರು ತಿಳಿಯಾಗದೆ ಇರುತ್ತಾ? ಕಪ್ಪಿನ ಸುತ್ತುಗಳಿಗೆ ಮುಂಚಿನ ಎಂಬತ್ತಕ್ಕೂ ಹೆಚ್ಚು ಪಂದ್ಯಗಳ ಲೀಗಿನಲ್ಲಿ ಇದು ಗೊತ್ತಾಗುವುದಿಲ್ಲ. ಆಸ್ಟನ್ ಮ್ಯಾಥ್ಯೂಸ್ 2023–24ರಲ್ಲಿ 69 ಗೋಲು ಹೊಡೆದ. ಏಪ್ರಿಲ್‌ನಲ್ಲಿ ಆ ಸುತ್ತುಗಳು ಶುರುವಾದವು ಅಂದರೆ ಆಟ ಗಟ್ಟಿಯಾಗುತ್ತದೆ, ಜಾಗ ಸಿಗುವುದಿಲ್ಲ. ಎದುರಾಳಿಯ ಒಬ್ಬ ಪೆನಾಲ್ಟಿ ಪೆಟ್ಟಿಗೆಯಲ್ಲಿ ಕೂತು, ನಾವು ಒಬ್ಬ ಹೆಚ್ಚಾಗಿ ಆಡುವುದಕ್ಕೆ ಪವರ್ ಪ್ಲೇ ಅನ್ನುತ್ತಾರೆ. 2024ರಲ್ಲಿ ಬಾಸ್ಟನ್ ಎದುರು ಅಂಥ 21 ಅವಕಾಶಗಳಲ್ಲಿ ನಾವು ಹೊಡೆದದ್ದು ಒಂದು ಗೋಲು. ಒಂದು!

ಈ ವರ್ಷದ, ಅಂದರೆ 2025ರ ಕಥೆ ಇನ್ನೂ ಹಸಿಯಾಗಿದೆ. ಒಟ್ಟಾವಾವನ್ನು ಸೋಲಿಸಿ ಫ್ಲಾರಿಡಾ ಎದುರು ಬಂದೆವು. ಮೊದಲ ಎರಡು ಪಂದ್ಯ ನಮ್ಮವು. ಮೂರನೆಯದರಲ್ಲೂ 3–1 ಮುಂದೆ. ಅದನ್ನು ಓವರ್‌ಟೈಮ್‌ನಲ್ಲಿ ಕಿತ್ತುಕೊಂಡವನು ಬ್ರಾಡ್ ಮಾರ್ಷಂಡ್. ಬಾಸ್ಟನ್‌ನಲ್ಲಿದ್ದು ಇಷ್ಟು ವರ್ಷ ನಮ್ಮನ್ನು ಅಳಿಸಿದವನೇ ಮಾರ್ಚ್‌ನಲ್ಲಿ ಫ್ಲಾರಿಡಾಕ್ಕೆ ಹೋಗಿ ಅಲ್ಲೂ ಎದುರಾದ. ಮೇ 18, ಭಾನುವಾರ, ಏಳನೇ ಪಂದ್ಯ, ನಮ್ಮ ಊರಲ್ಲೇ. 6–1ಕ್ಕೆ ಸೋತೆವು. ಕೆಲವರು ತೊಟ್ಟಿದ್ದ ಜೆರ್ಸಿ ಬಿಚ್ಚಿ ಐಸ್ ಮೇಲೆ ಎಸೆದರು.

ಅದು ನನಗೆ ಸರಿಕಾಣಲಿಲ್ಲ. ಬೈಯಿರಿ, ಎದ್ದು ಹೋಗಿ, ನಾನೂ ಟಿವಿಗೆ ಬೈದಿದ್ದೇನೆ. ಜೆರ್ಸಿ ಎಸೆಯಬೇಡಿ. ಸೋಮವಾರ ವಿಕ್ಟೋರಿಯಾ ಡೇ ರಜೆ ಇತ್ತು. ಮಂಗಳವಾರ ಬೆಳಗ್ಗೆ ನನ್ನ ಬಸ್ ಹತ್ತಿದ ಎರಡನೇ ಕ್ಲಾಸಿನ ಹುಡುಗ ಅದೇ ನೀಲಿ ಜೆರ್ಸಿ ಹಾಕಿಕೊಂಡು ಬಂದಿದ್ದ, ಬೆನ್ನ ಮೇಲೆ ಮಾರ್ನರ್ ಹೆಸರು. ಹಿಂದಿನ ಸೀಟಿನ ದೊಡ್ಡ ಹುಡುಗರು ರೇಗಿಸಿದರು. ಅವನು ಬಿಚ್ಚಲಿಲ್ಲ. ಇಳಿಯುವಾಗ 'ಇದು ಒಗೆದಿತ್ತು, ಅದಕ್ಕೆ ಹಾಕಿಕೊಂಡೆ' ಅಂದ. ಅಷ್ಟೇ.

ಆ ಮಾರ್ನರ್ ಈಗ ವೇಗಾಸ್ ಟೀಮಿನ ಪಾಲಾಗಿದ್ದಾನೆ. ಇಲ್ಲೇ ಪಕ್ಕದ ಮಾರ್ಕಮ್‌ನಲ್ಲಿ ಹುಟ್ಟಿದ ಹುಡುಗ, 2024–25ರ ಲೀಗಿನಲ್ಲಿ 102 ಪಾಯಿಂಟ್ (ಹೊಡೆದ ಗೋಲು, ಗೋಲಿಗೆ ಕೊಟ್ಟ ಪಾಸು ಸೇರಿ) ಮಾಡಿದವನು. ಅವನೊಬ್ಬನ ತಲೆಗೆ ಎಲ್ಲ ಕಟ್ಟುವುದು ಸುಲಭ. ಆ ಸಂಬಳದ ಲೆಕ್ಕ ಬರೆದವನು ಅವನಾ? ಟವಾರೆಸ್ ಮಾತ್ರ ಜೂನ್‌ನಲ್ಲಿ ಅರ್ಧಕ್ಕಿಂತ ಕಡಿಮೆ ಸಂಬಳಕ್ಕೆ ನಾಲ್ಕು ವರ್ಷ ಇಲ್ಲೇ ಇರುತ್ತೇನೆ ಅಂತ ಸಹಿ ಹಾಕಿದ. ಅವನ ಬಗ್ಗೆ ಇಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ನನಗೆ ಅದು ಈ ವರ್ಷದ ಒಳ್ಳೆಯ ಸುದ್ದಿ.

ಬರೀ ಗೋಳು ಬರೆದೆ ಅನಿಸಬಾರದು ಅಂತ ನಾನು ಖುಷಿಪಟ್ಟ ಒಂದು ಸೋಲಿನ ಬಗ್ಗೆ ಹೇಳುತ್ತೇನೆ. 2020ರ ಫೆಬ್ರವರಿ 22. ಎದುರಾಳಿ ಕ್ಯಾರೊಲಿನಾದ ಇಬ್ಬರೂ ಗೋಲ್‌ಕೀಪರ್‌ಗಳು ಆಟದ ಮಧ್ಯೆ ಗಾಯಗೊಂಡರು. ಆಗೆಲ್ಲ ಅಂಥ ಹೊತ್ತಿಗೆ ಅಂತ ಊರಿನವರೊಬ್ಬರನ್ನು ಕೂರಿಸಿರುತ್ತಿದ್ದರು. ಅವತ್ತು ಇದ್ದವರು ಡೇವಿಡ್ ಏರ್ಸ್. 42 ವರ್ಷ, ಕಿಡ್ನಿ ಕಸಿ ಮಾಡಿಸಿಕೊಂಡವರು, ಆ ಹಳೆಯ ಗಾರ್ಡನ್ಸ್ ಕಟ್ಟಡದಲ್ಲೇ ಕೆಲಸ. ಐಸ್ ನುಣುಪು ಮಾಡುವ ಝಾಂಬೋನಿ ಗಾಡಿ ಓಡಿಸುತ್ತಿದ್ದವರು. ಮೊದಲೆರಡು ಹೊಡೆತ ಒಳಗೆ ಹೋದವು. ಆಮೇಲಿನ ಎಂಟನ್ನೂ ತಡೆದರು. ಕೋಟಿ ಕೋಟಿ ಸಂಬಳದ ನಮ್ಮವರು 6–3ರಿಂದ ಸೋತರು. ಊರೆಲ್ಲ ತಲೆ ಚಚ್ಚಿಕೊಂಡಿತು. ನಾನು ಚಪ್ಪಾಳೆ ತಟ್ಟಿದೆ. ಗಾಡಿ ಓಡಿಸುವವರು ಗೆದ್ದರೆ ನಮಗೂ ಒಂದು ಮರ್ಯಾದೆ.

ಈಗ ನಿಮ್ಮ ಬರಹಕ್ಕೆ ವಾಪಸ್ ಬರುತ್ತೇನೆ. ನಮ್ಮ ಯಾರ್ಡ್‌ನಲ್ಲಿ ನನ್ನ ಪಕ್ಕದ ಬಸ್ಸಿನವರು ಪಂಜಾಬಿನವರು. ನಾನು ಪಾಜಿ ಅಂತಲೇ ಕರೆಯುವುದು. ಲೀಫ್ಸ್ ಆಟವನ್ನು ಅವರು ಪಂಜಾಬಿ ಕಾಮೆಂಟರಿಯಲ್ಲಿ ಕೇಳುತ್ತಾರೆ. ಇಲ್ಲಿ 2008ರಿಂದ ಐಸ್ ಹಾಕಿ ಪಂಜಾಬಿಯಲ್ಲೂ ಬರುತ್ತದೆ, ಕೇಳಲು ಬಲು ಚಂದ. (ಕನ್ನಡದಲ್ಲಿ ನಮ್ಮನೆ ಅಡುಗೆಮನೆಯಿಂದ ಮಾತ್ರ ಬರುತ್ತದೆ, ನಾನೇ ಕೊಡುವುದು.) ಐಪಿಎಲ್‌ನಲ್ಲಿ ಅವರದು ಪಂಜಾಬ್ ಕಿಂಗ್ಸ್. ಜೂನ್ 3ರ ಫೈನಲ್ ಮುಗಿದಾಗ ಇಲ್ಲಿ ಮಧ್ಯಾಹ್ನ ಎರಡು ಗಂಟೆ, ಮಕ್ಕಳನ್ನು ಕರೆತರಲು ಹೊರಡುವ ಮುಂಚೆ. ಅವರು ಅವರ ಬಸ್ಸಿನಲ್ಲಿ, ನಾನು ನನ್ನ ಬಸ್ಸಿನಲ್ಲಿ, ಇಬ್ಬರೂ ಫೋನಿನಲ್ಲಿ ಅದೇ ಆಟ. ಆರು ರನ್. ತಮ್ಮ ಫೋನ್ ಮಾಡಿದ, ಅಳುತ್ತಿದ್ದ. ನಾನೂ ಅತ್ತೆ. ಕಣ್ಣೊರೆಸಿಕೊಂಡು ಪಕ್ಕಕ್ಕೆ ನೋಡಿದರೆ ಪಾಜಿ ಸ್ಟೀರಿಂಗ್ ಮೇಲೆ ಎರಡೂ ಕೈಯಿಟ್ಟು ಮುಂದಕ್ಕೆ ನೋಡುತ್ತಾ ಕೂತಿದ್ದರು. ಮೇ 18ಕ್ಕೆ ಲೀಫ್ಸ್, ಜೂನ್ 3ಕ್ಕೆ ಕಿಂಗ್ಸ್. 16 ದಿನದಲ್ಲಿ ಎರಡು. ಸ್ವಲ್ಪ ಹೊತ್ತಿಗೆ ಅವರೇ ಇಳಿದು ಬಂದು ನನಗೆ ಅಭಿನಂದನೆ ಹೇಳಿದರು.

ಮರುದಿನ ಚಿನ್ನಸ್ವಾಮಿ ಹೊರಗೆ 11 ಜನ ಸತ್ತ ಸುದ್ದಿ ಬಂತು. ಪಾಜಿ ನನ್ನ ಬಸ್ಸಿನ ಬಾಗಿಲಿಗೆ ಬಂದು ತಮ್ಮ ಹೇಗಿದ್ದಾನೆ ಅಂತ ಕೇಳಿದರು. ಅವನು ಮನೆಯಲ್ಲೇ ಇದ್ದ. ಅದರ ಬಗ್ಗೆ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ.

ಹೊಸ ಲೀಗ್ 2025ರ ಅಕ್ಟೋಬರ್ 8ಕ್ಕೆ, ಮೊದಲ ಆಟ ಮಾಂಟ್ರಿಯಲ್ ಜೊತೆ, ಇಲ್ಲೇ. ನೀವು ಆ ಸಾಲಿಗೆ ಒಂದು ತಿದ್ದುಪಡಿ ಹಾಕುವುದಾದರೆ ಅಷ್ಟರೊಳಗೆ ಹಾಕಿ. ಒಂದು ಮೂಲೆಯಲ್ಲಿ ಎರಡೇ ಸಾಲು ಸಾಕು. ಪಾಜಿಗೆ ಕನ್ನಡ ಬರುವುದಿಲ್ಲ, ನಾನೇ ಓದಿ ಹೇಳುತ್ತೇನೆ.

ಇತಿ,
ನಿಮ್ಮ ಹಳೆಯ ಓದುಗರಲ್ಲಿ ಒಬ್ಬಳು
ಟೊರಾಂಟೊ