ನೀರಿನ ಕಾರ್ಯಾಗಾರ ಪಂಚಾಯಿತಿಗೂ ಬರಲಿ

ಮಾನ್ಯ ಸಂಪಾದಕರೇ,

ಮಾರ್ಚ್ 22 ವಿಶ್ವ ಜಲ ದಿನ. ಆ ವಾರವೆಲ್ಲ ಬೆಂಗಳೂರಿನಲ್ಲಿ ವಿಚಾರ ಸಂಕಿರಣ, ಕಾರ್ಯಾಗಾರ, ಉಪನ್ಯಾಸಗಳ ಸುಗ್ಗಿ. ನಿಮ್ಮ ಪತ್ರಿಕೆಯಲ್ಲೂ ಫೋಟೊ ಸಮೇತ ವರದಿ ಬರುತ್ತದೆ. ನಡೆಯಲಿ, ಬೇಡ ಅನ್ನುವುದಿಲ್ಲ. ಆದರೆ ಯಾವ ಹೊಳೆ, ಯಾವ ಬೋರ್‌ವೆಲ್ ಬಗ್ಗೆ ಅಲ್ಲಿ ಮಾತಾಡುತ್ತಾರೋ ಆ ಊರಿನವರು ಮಾತ್ರ ಅಲ್ಲಿ ಇರುವುದಿಲ್ಲ.

ನಮ್ಮ ಅರ್ಕಾವತಿಯನ್ನೇ ತೆಗೆದುಕೊಳ್ಳಿ. ನಂದಿ ಬೆಟ್ಟದಲ್ಲಿ ಹುಟ್ಟಿ, ದೊಡ್ಡಬಳ್ಳಾಪುರದ ಕೆರೆಗಳನ್ನು ಹಾದು, ಕೊನೆಗೆ ಕನಕಪುರದ ಆಚೆ ಸಂಗಮದಲ್ಲಿ ಕಾವೇರಿ ಸೇರುವ ಹೊಳೆ. 1894ರಲ್ಲಿ ಹೆಸರಘಟ್ಟದಿಂದ, ಆಮೇಲೆ 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯಿಂದ ಬೆಂಗಳೂರಿಗೆ ನೀರು ಕೊಟ್ಟಿದ್ದು ಇದೇ. ಈಗ ಮಳೆಗಾಲ ಬಿಟ್ಟರೆ ಮೇಲ್ಭಾಗದಲ್ಲಿ ಹಳ್ಳ ಎಲ್ಲಿದೆ ಅಂತ ಹುಡುಕಬೇಕು. ಯಾಕೆ ಬತ್ತಿತು ಅಂತ ಕೇಳಿದರೆ ಟೀ ಅಂಗಡಿಯಲ್ಲಿ ಒಂದೇ ಉತ್ತರ: 'ಮಳೆ ಕಮ್ಮಿ ಆಯ್ತು ಸ್ವಾಮಿ.'

ಪರಿಸರ ಸಂಶೋಧನೆ ಮಾಡುವ ಬೆಂಗಳೂರಿನ ಏಟ್ರೀ (ATREE) ಸಂಸ್ಥೆಯ ವೀಣಾ ಶ್ರೀನಿವಾಸನ್ ಮತ್ತು ಸಂಗಡಿಗರು ಇದೇ ಪ್ರಶ್ನೆ ಇಟ್ಟುಕೊಂಡು ಕೆಲಸ ಮಾಡಿ 2015ರಲ್ಲಿ ಪ್ರಬಂಧ ಪ್ರಕಟಿಸಿದರು. ಮಳೆ ಕಮ್ಮಿ ಆಯಿತೇ, ಬಿಸಿಲು ಜಾಸ್ತಿ ಆಯಿತೇ, ಬೋರ್‌ವೆಲ್ಲೇ, ನೀಲಗಿರಿಯೇ, ಹಳ್ಳಕ್ಕೆ ಅಡ್ಡ ಕಟ್ಟಿದ ಒಡ್ಡುಗಳೇ ಅಂತ ಒಂದೊಂದನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿದರು. ಮಳೆ, ಬಿಸಿಲು ಎರಡೂ ಕಾರಣವಲ್ಲ ಎಂದಾಯಿತು. ಮುಖ್ಯವಾಗಿ ಸಿಕ್ಕಿಬಿದ್ದಿದ್ದು ಬೋರ್‌ವೆಲ್ ಮತ್ತು ನೀಲಗಿರಿ. ಸ್ವಲ್ಪ ಮಟ್ಟಿಗೆ ಚೆಕ್ ಡ್ಯಾಂಗಳೂ.

ಇದರ ಒಳಗುಟ್ಟು ತಿಳಿಯಲು ಡಿಗ್ರಿ ಬೇಕಿಲ್ಲ. ಹಿಂದೆ ತೆರೆದ ಬಾವಿಗಳಲ್ಲಿ ಕೈಗೆಟುಕುವ ಹಾಗೆ ನೀರಿದ್ದಾಗ, ಮಳೆ ನಿಂತ ಮೇಲೂ ನೆಲದೊಳಗಿನ ನೀರು ಜಿನುಗಿ ಹಳ್ಳಕ್ಕೆ ಬರುತ್ತಿತ್ತು. ಈಗ ಅಂತರ್ಜಲ ನೂರಾರು ಅಡಿ ಕೆಳಗಿದೆ. ಹಳ್ಳವೇ ನೆಲಕ್ಕೆ ನೀರು ಕೊಡಬೇಕು, ನೆಲದಿಂದ ಹಳ್ಳಕ್ಕೆ ಏನೂ ಬರುವುದಿಲ್ಲ. ಇಂಥ ಕಡೆ ಸಾಲಾಗಿ ಚೆಕ್ ಡ್ಯಾಂ ಕಟ್ಟಿದರೆ ಮೇಲಿನವನ ಬೋರಿಗೆ ನಾಲ್ಕು ದಿನ ನೀರು, ಕೆಳಗಿನ ಕೆರೆಗೆ ಸೊನ್ನೆ.

ಈ ಮಾತನ್ನು ನಮ್ಮೂರಲ್ಲಿ ಹೇಳಿದರೆ ಜಗಳ ಗ್ಯಾರಂಟಿ. ಬೋರ್ ಕೊರೆಸಿದವನೂ ಇಲ್ಲೇ ಇದ್ದಾನೆ, ನೀಲಗಿರಿ ಮಾರಿ ಮಗಳ ಮದುವೆ ಮಾಡಿದವನೂ ಇಲ್ಲೇ ಇದ್ದಾನೆ, ಚೆಕ್ ಡ್ಯಾಂ ಗುತ್ತಿಗೆದಾರನಂತೂ ಮುಂದಿನ ಸಾಲಿನಲ್ಲೇ ಕೂತಿರುತ್ತಾನೆ. ಆಗಲಿ ಬಿಡಿ. ಜಗಳವಾದರೂ ಸಂಶೋಧಕರ ಎದುರಿಗೇ ಆಗಲಿ ಅನ್ನುವುದು ನನ್ನ ಆಸೆ.

ಇಂಥದ್ದೊಂದು ಕಾರ್ಯಾಗಾರಕ್ಕೆ ನಾನೂ ಹೋಗಿದ್ದೆ. ಯಾರು ನಡೆಸಿದ್ದು ಅನ್ನುವುದು ಬೇಡ. ಹೋಟೆಲಿನ ಎಸಿ ಹಾಲ್, ವಾರದ ನಡುವಿನ ದಿನ, ಸ್ಲೈಡ್‌ಗಳೆಲ್ಲ ಇಂಗ್ಲಿಷ್. ನಮ್ಮ ಕಡೆಯ ರೈತರೊಬ್ಬರು ಎದ್ದು, 'ನನ್ನ ಬೋರಲ್ಲಿ ಈಗ ನೀರು ಎಷ್ಟು ಅಡಿಗೆ ಇದೆ ಅಂತ ತಿಳಿಯೋದು ಹೇಗೆ?' ಅಂತ ಕೇಳಿದರು. ಊಟದ ಮೇಲೆ ಹೇಳುತ್ತೇವೆ ಅಂದರು. ಊಟವೇನೋ ಚೆನ್ನಾಗಿತ್ತು.

ಆ ಪ್ರಶ್ನೆಗೆ ಉತ್ತರ ಐದು ನಿಮಿಷದ್ದು. ತುದಿಯಲ್ಲಿ ಸೆನ್ಸರ್ ಇರುವ ಉದ್ದನೆಯ ಟೇಪ್ ಇರುತ್ತದೆ. ಪಂಪ್ ನಿಲ್ಲಿಸಿ, ನೀರು ಸಮಸ್ಥಿತಿಗೆ ಬರಲು ಬಿಟ್ಟು, ಕೇಸಿಂಗಿಗೂ (ಬೋರಿನ ಹೊರ ಪೈಪು) ಪಂಪಿನ ಪೈಪಿಗೂ ನಡುವಿನ ಸಂದಿಯಲ್ಲಿ ಇಳಿಬಿಟ್ಟರೆ ನೀರು ತಾಕಿದ ತಕ್ಷಣ ಬೀಪ್ ಅನ್ನುತ್ತದೆ. ಅಲ್ಲಿಗೆ ಟೇಪಿನ ಮೇಲಿನ ಅಂಕಿ ಓದಿ ಬರೆದುಕೊಂಡರೆ ಮುಗಿಯಿತು. ಇದನ್ನು ಒಂದು ಬೋರಿನ ಬಾಯಿಯಲ್ಲಿ ನಿಂತು ತೋರಿಸಿದರೆ ಹತ್ತು ಸ್ಲೈಡಿಗಿಂತ ಮೇಲು ಅಲ್ವಾ?

ಪಕ್ಕದ ಆಂಧ್ರದಲ್ಲಿ 2000ದ ದಶಕದಲ್ಲೇ ಇದನ್ನು ಮಾಡಿ ತೋರಿಸಿದ್ದಾರೆ. ಆಗಿನ ಅವಿಭಜಿತ ರಾಜ್ಯದ 7 ಬರಪೀಡಿತ ಜಿಲ್ಲೆಗಳಲ್ಲಿ, ಅನಂತಪುರವೂ ಸೇರಿ, ರೈತರೇ ಮಳೆ ಅಳೆದರು, ಬೋರ್ ಮಟ್ಟ ಅಳೆದರು. ಹಿಂಗಾರು ಬಿತ್ತನೆಗೆ ಮುಂಚೆ ಒಟ್ಟಿಗೆ ಕೂತು, ನೆಲದೊಳಗೆ ಇಷ್ಟು ನೀರಿದೆ, ನಾವು ಹಾಕಬೇಕೆಂದಿರುವ ಬೆಳೆಗೆ ಇಷ್ಟು ಬೇಕು ಅಂತ ಲೆಕ್ಕ ಹಾಕಿದರು. ಯಾರೂ ಯಾರಿಗೂ ಭತ್ತ ಹಾಕಬೇಡಿ ಅನ್ನಲಿಲ್ಲ. ಲೆಕ್ಕ ಎದುರಿಗಿತ್ತು, ತೀರ್ಮಾನ ಅವರವರದ್ದು. 2019ರ ಕೊನೆಯಲ್ಲಿ ಶುರುವಾದ ಕೇಂದ್ರದ ಅಟಲ್ ಭೂಜಲ ಯೋಜನೆಯಲ್ಲೂ ಪಂಚಾಯಿತಿ ಮಟ್ಟದ ನೀರಿನ ಬಜೆಟ್, ಅಂದರೆ ಇಂಥದ್ದೇ ಲೆಕ್ಕ, ಸೇರಿಸಿದ್ದರು, ಕರ್ನಾಟಕವನ್ನೂ ಅದಕ್ಕೆ ಸೇರಿಸಿದ್ದರು. ಆದರೆ ಆ ಬಜೆಟ್ಟನ್ನು ಯಾರೋ ಬರೆದು ತಂದು ಸುಮ್ನೆ ಸಹಿ ಹಾಕಿಸಿಕೊಂಡು ಹೋದರೆ ಅದು ಬರೀ ಕಾಗದ.

ಹಾಗಾಗಿ ವಿಶ್ವವಿದ್ಯಾಲಯಗಳಿಗೆ, ಸಂಶೋಧನಾ ಸಂಸ್ಥೆಗಳಿಗೆ, ಇಲಾಖೆಯವರಿಗೆ ನನ್ನ ಕೋರಿಕೆ: ಕಾರ್ಯಾಗಾರ ಇಲ್ಲಿಗೆ ತನ್ನಿ, ಕನ್ನಡದಲ್ಲಿ ನಡೆಸಿ. ಮಾರ್ಚ್‌ಗೇ ಕಾಯಬೇಡಿ. ಹಿಂಗಾರು ಮಳೆ ಮುಗಿದು, ಬೇಸಿಗೆ ಬೆಳೆ ಏನು ಹಾಕುವುದು ಅಂತ ಇನ್ನೂ ಯೋಚಿಸುತ್ತಿರುವಾಗ ಬನ್ನಿ. ಮಾರ್ಚ್ ಹೊತ್ತಿಗೆ ಬೆಳೆ ಹೊಲದಲ್ಲಿರುತ್ತದೆ, ಸಾಲ ಬ್ಯಾಂಕಿನಲ್ಲಿರುತ್ತದೆ, ಕೇಳಿ ಏನು ಮಾಡುವುದು? ಹೆಂಗಸರು ಬರುವ ಹೊತ್ತು ನೋಡಿ ಇಡಿ. ನಲ್ಲಿಯಲ್ಲಿ ನೀರು ಯಾವತ್ತು ನಿಂತಿತು ಅನ್ನುವುದು ಅವರಿಗೆ ಗೊತ್ತಿರುವಷ್ಟು ಪಂಚಾಯಿತಿ ಸದಸ್ಯರಿಗೆ ಗೊತ್ತಿಲ್ಲ. ಒಂದು ಎಕರೆ ಮೇಲೆ 1 ಮಿಲಿಮೀಟರ್ ಮಳೆ ಅಂದರೆ ಸುಮಾರು 4,000 ಲೀಟರ್ ಅಂತ ಹೈಸ್ಕೂಲ್ ಮಕ್ಕಳ ಕೈಲೇ ಲೆಕ್ಕ ಮಾಡಿಸಿ. ಅಂಕಿಗೂ ಬರ ಇಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಪಂಚಾಯಿತಿ ಪಂಚಾಯಿತಿಯಲ್ಲೂ ನಿಂತಿವೆ, 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ಆ ಅಂಕಿ ಪಂಚಾಯಿತಿ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುವಷ್ಟು ಕೆಲಸ ಉಳಿದಿದೆ.

ನಿಮ್ಮಲ್ಲೂ ಒಂದು ಕೋರಿಕೆ ಇದೆ. ಮಳೆಗಾಲದಲ್ಲಿ ಕೆಆರ್‌ಎಸ್, ಕಬಿನಿ ಜಲಾಶಯಗಳ ಮಟ್ಟವನ್ನು ದಿನಾ ಪ್ರಕಟಿಸುತ್ತೀರಿ. ಜಲಾಶಯದ ಮುಖ ನೋಡದ ನಮ್ಮಂಥ ತಾಲ್ಲೂಕುಗಳ ಪಾಲಿಗೆ ಅಂತರ್ಜಲವೇ ಜಲಾಶಯ. ಅಂತರ್ಜಲ ನಿರ್ದೇಶನಾಲಯ ತನ್ನ ವೀಕ್ಷಣಾ ಬಾವಿಗಳ ಮಟ್ಟವನ್ನು ಪ್ರತಿ ತಿಂಗಳು ಅಳೆಯುತ್ತದೆ. ತಿಂಗಳಿಗೊಮ್ಮೆ, ಜಿಲ್ಲಾ ಪುಟದ ಮೂಲೆಯಲ್ಲಾದರೂ, ಅದನ್ನು ತಾಲ್ಲೂಕುವಾರು ಹಾಕಿ.

– ಒಬ್ಬ ರೈತ, ದೊಡ್ಡಬಳ್ಳಾಪುರ ತಾಲ್ಲೂಕು