ಎರಡನೆಯ ಸಿಲಿಂಡರಿನ ಋಣ

127 ಮಿ.ಮೀ. ಅಂತರದ ಹಳಿಗಳ ಮೇಲೆ ಓಡಲೆಂದು ಕಟ್ಟಿದ ನನ್ನ ಪುಟ್ಟ ಉಗಿ ಎಂಜಿನ್ ಕಳೆದ ವಾರ ಮೊದಲ ಸಲ ತನ್ನದೇ ಉಗಿಯಿಂದ ಓಡಿತು. ಇದಕ್ಕೆ ಹಿಡಿದ ಕಾಲ, ನಡುವೆ ಕೆಲಸ ನಿಂತುಹೋದ ಕಾರಣ, ಎರಡೂ ನಿಮಗೆ ತಿಳಿದಿರುವುದರಿಂದ ಮತ್ತೆ ಹೇಳುವುದಿಲ್ಲ. ನಕ್ಷೆಗಳನ್ನು ತಿದ್ದಿಕೊಟ್ಟವರಿಗೆ, ಬಾಯ್ಲರಿನ ಬೆಳ್ಳಿ ಬೆಸುಗೆಗೆ ಕೈಜೋಡಿಸಿದವರಿಗೆ, ಅದರಲ್ಲಿ ನೀರು ತುಂಬಿ, ಪರೀಕ್ಷೆಗೆಂದು ಒತ್ತಡವನ್ನು ಕೆಲಸದ ಒತ್ತಡದ ಎರಡರಷ್ಟಕ್ಕೆ ಏರಿಸಿದ ದಿನ ನನಗಿಂತ ಹೆಚ್ಚು ಆತಂಕದಿಂದ ಗೇಜನ್ನೇ ನೋಡುತ್ತ ನಿಂತಿದ್ದವರಿಗೆ ಮನಃಪೂರ್ವಕ ವಂದನೆಗಳು.

ಭಾವನವರ ಋಣ ಮಾತ್ರ ಒಂದು ವಾಕ್ಯಕ್ಕೆ ಮುಗಿಯುವುದಲ್ಲ.

ಎರಡನೆಯ ಸಿಲಿಂಡರನ್ನು ಲೇತಿನಲ್ಲಿ ತಿರುಗಿಸಿ ಬೋರ್ ಮಾಡುತ್ತಿದ್ದ, ಅಂದರೆ ಅದರ ಒಳತೂತನ್ನು ಅಳತೆಗೆ ಕೊರೆಯುತ್ತಿದ್ದ, ರಾತ್ರಿ, ಇನ್ನು ಅರ್ಧ ಮಿ.ಮೀ. ಉಳಿದಿದ್ದಾಗ, ಆತುರಪಟ್ಟು ಹೆಚ್ಚು ಕಟ್ ಕೊಟ್ಟೆ; ಟೂಲ್ ಕಚ್ಚಿಕೊಂಡು ಜಾಬ್, ಅಂದರೆ ಸಿಲಿಂಡರ್, ಅದನ್ನು ಹಿಡಿದಿದ್ದ ಚಕ್ಕಿನಲ್ಲೇ ಜರುಗಿತು. ಬೀಡುಕಬ್ಬಿಣದ ಒಳಮೈಯಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು ಬಿದ್ದಿತ್ತು. ಲೇತ್ ನಿಲ್ಲಿಸಿ ನೆಲದ ಮೇಲೆ ಕುಳಿತು ಅತ್ತೆ. ಅಪ್ಪ ತೀರಿಕೊಂಡ ದಿನ ಬಾರದ ಅಳು ಅದು. ಓಡಿಸಿ ತೋರಿಸುತ್ತೇನೆಂದು ಅವರಿಗೆ ಹೇಳಿದ್ದೆ.

ಫೋನ್ ಮಾಡಿದ ಕೂಡಲೇ ಬಂದ ಭಾವ, ದುಡಿದಷ್ಟು ಕಾಲವೂ ಟರ್ನರ್ (ಲೇತ್ ಕೆಲಸಗಾರ) ಆಗಿದ್ದವರು, ಸಮಾಧಾನದ ಒಂದು ಮಾತನ್ನೂ ಆಡಲಿಲ್ಲ. ಗೀರಿನ ಮೇಲೆ ಬೆರಳಾಡಿಸಿ, “ತೂತು ದೊಡ್ಡದಾದರೆ ಪಿಸ್ಟನ್ನೂ ದೊಡ್ಡದಾಗಲಿ, ಎರಡೂ ಕಡೆ ಒಂದೇ ಅಳತೆ ಇದ್ದರಾಯಿತು” ಎಂದರು. ಜಾಬನ್ನು, ನಾಲ್ಕು ಹಿಡಿತಗಳನ್ನೂ (ಜಾ) ಬೇರೆಬೇರೆಯಾಗಿ ಬಿಗಿಯಬಹುದಾದ ಫೋರ್ ಜಾ ಚಕ್ಕಿಗೆ ಮತ್ತೆ ಕಟ್ಟಿಸಿ, ಸಣ್ಣ ಅಲುಗಾಟವನ್ನೂ ಮುಳ್ಳಿನಿಂದ ತೋರಿಸುವ, ತಾವು ತಂದಿದ್ದ ಡಯಲನ್ನು ಗೀರಿಲ್ಲದ ಭಾಗಕ್ಕೆ ಮುಟ್ಟಿಸಿ, ತೂತು ಮತ್ತೆ ನಟ್ಟನಡುವೆ ಬರಲೆಂದು ಒಂದು ಜಾ ಸಡಿಲಿಸಿ ಎದುರಿನದನ್ನು ಬಿಗಿಯುವ ಕೆಲಸವನ್ನು, ಮುಳ್ಳು ಎರಡು ಗೆರೆಗಿಂತ, ಅಂದರೆ 0.02 ಮಿ.ಮೀ.ಗಿಂತ, ಹೆಚ್ಚು ಅಲುಗದಂತಾಗುವವರೆಗೆ ನನ್ನ ಕೈಯಿಂದಲೇ ಮಾಡಿಸಿದರು. (ಅಂಥ ಗಡಿಬಿಡಿಯವನ ಕೈಗೆ ಮತ್ತೆ ಚಕ್ ಕೀ ಕೊಡುವ ಧೈರ್ಯ ನನಗಂತೂ ಬರುತ್ತಿರಲಿಲ್ಲ.) 32 ಮಿ.ಮೀ. ಆಗಬೇಕಿದ್ದ ಬೋರ್ 33 ಆಯಿತು. ಕಟ್ಟಿನ ಒತ್ತಡಕ್ಕೆ ಟೂಲನ್ನು ಹಿಡಿದ ಬೋರಿಂಗ್ ಬಾರ್ ಬಾಗಿ ಬಿಟ್ಟುಬಂದ ಕೂದಲೆಳೆಯಷ್ಟು ಲೋಹವೂ ಹೋಗಲೆಂದು, ಕೊನೆಗೆ ಹೊಸ ಕಟ್ ಕೊಡದೆ ಟೂಲನ್ನು ಎರಡು ಸಲ ಹಾಯಿಸಿದೆವು. ಬೆಳಗಿನ ಜಾವದ ಹೊತ್ತಿಗೆ ಮೊದಲನೆಯ ಸಿಲಿಂಡರೂ 33ಕ್ಕೆ ಬಂದಿತ್ತು.

ಎಂಜಿನ್ ಓಡಿದ ದಿನ ಎಲ್ಲರೂ ಚಕ್ರಗಳನ್ನು ನೋಡುತ್ತಿದ್ದರೆ, ಭಾವ ಬಗ್ಗಿ ಎರಡೂ ಕಡೆಯ ಉಗಿಯ ಸದ್ದು ಸಮವಾಗಿದೆಯೇ ಎಂದು ಕೇಳಿಸಿಕೊಳ್ಳುತ್ತಿದ್ದರು. ಭಾವ, ನಿಮ್ಮ ಡಯಲ್ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ಟೆಂಡರಿನ (ಎಂಜಿನ್ನಿನ ಹಿಂದೆ ಕಲ್ಲಿದ್ದಲು, ನೀರು ಹೊರುವ ಬಂಡಿಯ) ಆಕ್ಸಲ್‌ಗಳು ಮುಗಿಯುವವರೆಗೆ ಅದನ್ನು ಹಿಂದಿರುಗಿಸುವ ಯೋಚನೆ ನನಗಿಲ್ಲ.