ಇನ್ಶೂರೆನ್ಸ್ ನೆಟ್‌ವರ್ಕಿಗೆ ಅರ್ಜಿ ಹಾಕುವ ಮುನ್ನ

ಮಂಗಳೂರು

ಚಿ. ಪ್ರಸಾದನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಬ್ರಹ್ಮಾವರದ ನಿನ್ನ 20 ಹಾಸಿಗೆಯ ನರ್ಸಿಂಗ್ ಹೋಮಿಗೆ ಕ್ಯಾಶ್‌ಲೆಸ್ (ರೋಗಿಯ ಬಿಲ್ಲನ್ನು ಇನ್ಶೂರೆನ್ಸಿನವರೇ ನೇರ ಕಟ್ಟುವ ವ್ಯವಸ್ಥೆ) ಬೇಕೆಂದು ಸಿಕ್ಕಿದ ಟಿಪಿಎಗಳಿಗೆಲ್ಲ (ಕಂಪೆನಿಗಳ ಪರವಾಗಿ ಕ್ಲೇಮು ನೋಡುವ ಸಂಸ್ಥೆಗಳಿಗೆಲ್ಲ) ಮೇಲ್ ಹಾಕಲು ಹೊರಟಿದ್ದೀ ಅಂತ ನಿನ್ನಮ್ಮ ಹೇಳಿದಳು. ಸ್ವಲ್ಪ ತಡೆ ಮಾರಾಯ. ಅರ್ಜಿ ಕೊಳೆಯುವುದು ಹೆಚ್ಚಾಗಿ ಕಾಗದಗಳು ಒಂದಕ್ಕೊಂದು ತಾಳೆಯಾಗದೆ.

ಕೆಪಿಎಂಇ, ಅಂದರೆ ರಾಜ್ಯದ ಖಾಸಗಿ ಆಸ್ಪತ್ರೆ ಕಾಯ್ದೆಯ ನೋಂದಣಿ ಸರ್ಟಿಫಿಕೇಟಿನಲ್ಲಿರುವ ಹೆಸರು, ವಿಳಾಸ, ಹಾಸಿಗೆ ಸಂಖ್ಯೆಯನ್ನೇ ಆಧಾರ ಮಾಡಿಕೊ. ಮಾಲಿನ್ಯ ನಿಯಂತ್ರಣ ಮಂಡಳಿಯ ಜೈವಿಕ ತ್ಯಾಜ್ಯದ ಅನುಮತಿ, ಫೈರ್ ಎನ್‌ಒಸಿ, ಪ್ಯಾನ್, ಕ್ಯಾನ್ಸಲ್ ಮಾಡಿದ ಚೆಕ್ಕು, ಎಲ್ಲವನ್ನೂ ಅದರ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ನೋಡು. ಒಂದರಲ್ಲಿ ‘ಶ್ರೀ’ಗೆ ಎಸ್‌ಆರ್‌ಐ, ಇನ್ನೊಂದರಲ್ಲಿ ಎಸ್‌ಎಚ್‌ಆರ್‌ಇಇ, ಅಷ್ಟಕ್ಕೇ ಕ್ವೆರಿ ಬರುತ್ತದೆ. ಪ್ಯಾನ್ ಪಾರ್ಟ್‌ನರ್‌ಶಿಪ್ ಹೆಸರಿನಲ್ಲಿದ್ದರೆ ಡೀಡಿನ ಪ್ರತಿ ಜೊತೆಗಿಡು. ಇದೆಲ್ಲ ಸರಿಯಾದ ಮೇಲೆ ರೋಹಿಣಿಯಲ್ಲಿ, ಅಂದರೆ ಇನ್ಶೂರೆನ್ಸಿನವರು ಆಸ್ಪತ್ರೆಗಳನ್ನು ಗುರುತಿಸುವ ಪಟ್ಟಿಯಲ್ಲಿ, ನೋಂದಣಿ ಮಾಡು. ಅಲ್ಲಿ ಸಿಗುವ 13 ಅಂಕಿಯ ಸಂಖ್ಯೆ ಇಲ್ಲದೆ ಯಾರೂ ಕಡತ ತೆರೆಯುವುದಿಲ್ಲ.

ಡಾಕ್ಟರುಗಳ ವಿಷಯದಲ್ಲಿ ಒಂದು ಸಂಗತಿ ತಪ್ಪಿಹೋಗುತ್ತದೆ. ಎಂಎಸ್ ಮಾಡಿದ್ದರೆ ಸಾಲದು, ಅದು ಕರ್ನಾಟಕ ಮೆಡಿಕಲ್ ಕೌನ್ಸಿಲಿನಲ್ಲಿ ಹೆಚ್ಚುವರಿ ಅರ್ಹತೆಯಾಗಿ ದಾಖಲಾಗಿರಬೇಕು. ಮಣಿಪಾಲದಿಂದ ವಾರಕ್ಕೆರಡು ದಿನ ಬಂದುಹೋಗುವ ಸರ್ಜನ್ ಆದರೂ ಅಷ್ಟೇ.

ಟಿಪಿಎ ಜೊತೆ ಸಹಿಯಾದರೆ ಎಲ್ಲ ಕಂಪೆನಿ ಬಂತೆಂದು ತಿಳಿಯಬೇಡ. ನ್ಯೂ ಇಂಡಿಯಾ, ನ್ಯಾಷನಲ್, ಓರಿಯೆಂಟಲ್, ಯುನೈಟೆಡ್ ಇಂಡಿಯಾ, ಈ 4 ಸರ್ಕಾರಿ ಕಂಪೆನಿಗಳ ಪಿಪಿಎನ್ ಎಂಬ ಆಸ್ಪತ್ರೆ ಜಾಲಕ್ಕೆ ಬೇರೆ ಒಪ್ಪಂದ, ಬೇರೆ ಪ್ಯಾಕೇಜ್ ದರ. ಸ್ಟಾರ್ ಹೆಲ್ತಿನವರು ಕ್ಲೇಮು ತಾವೇ ನೋಡುವುದರಿಂದ ಅವರಿಗೆ ನೇರ ಅರ್ಜಿ. ಆಯುಷ್ಮಾನ್ ಬೇಕಾದರೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್, ಅದರ ದಾರಿಯೇ ಬೇರೆ.

ದರಪಟ್ಟಿಯಲ್ಲಿ ಅವಸರ ಬೇಡ. ಹರ್ನಿಯಾ ಪ್ಯಾಕೇಜಿಗೆ ಒಪ್ಪುವಾಗ ಮೆಶ್ (ಆಪರೇಶನ್ನಿನಲ್ಲಿ ಇಡುವ ಬಲೆ) ದರದ ಒಳಗೋ ಹೊರಗೋ, ಅರಿವಳಿಕೆ ತಜ್ಞರ ಫೀಸು ಸೇರಿದೆಯೋ, ಎಷ್ಟು ದಿನದ ವಾಸ ಎಂದು ಬರೆಸಿಕೊ. ‘ಎಲ್ಲ ಸೇರಿ’ ಎಂದಿದ್ದರೆ ಮೆಶ್ಶಿನ ದುಡ್ಡು ನಿನ್ನ ಕೈಯಿಂದಲೇ ಹೋಗುತ್ತದೆ. ರೋಗಿಯ ಹತ್ತಿರ ಕೇಳಿದರೆ ಒಪ್ಪಂದ ಮುರಿದ ಹಾಗೆ. ಡಿಸ್ಕೌಂಟ್ ಒಟ್ಟು ಬಿಲ್ಲಿಗೋ, ಔಷಧಿ ಬಿಟ್ಟೋ, ದರ ಪರಿಷ್ಕರಣೆ ಯಾವಾಗ ಎಂಬುದನ್ನೂ ನೋಡು.

ಕ್ಯಾಶ್‌ಲೆಸ್ ಕೋರಿಕೆಗೆ 1 ಗಂಟೆಯೊಳಗೆ, ಡಿಸ್ಚಾರ್ಜಿಗೆ 3 ಗಂಟೆಯೊಳಗೆ ಉತ್ತರ ಕೊಡಬೇಕೆಂದು ವಿಮಾ ನಿಯಂತ್ರಕ ಐಆರ್‌ಡಿಎಐ 2024ರಲ್ಲಿ ಹೇಳಿದೆ. ಆದರೆ ಕೇಸ್ ಶೀಟಿನಲ್ಲಿ ಬಿಪಿ 10 ವರ್ಷದಿಂದ, ಅರ್ಜಿಯಲ್ಲಿ 2 ವರ್ಷದಿಂದ ಅಂತ ಒಟ್ರಾಶಿ ಬರೆದರೆ ಆ ಗಂಟೆಗಳ ಲೆಕ್ಕ ಅಲ್ಲಿಗೇ ನಿಂತಿತು. ರೋಗಿ ಹೇಳಿದ್ದನ್ನು ಡ್ಯೂಟಿ ಡಾಕ್ಟರೇ ಬರೆಯಲಿ, ತಿದ್ದಿದಲ್ಲಿ ಸಹಿ ಹಾಕಲಿ.

ಹಣ ಶೇ. 10 ಟಿಡಿಎಸ್ ಕಳೆದು ಬರುತ್ತದೆ. ಬ್ಯಾಂಕಿನ ಯುಟಿಆರ್ (ಹಣ ವರ್ಗಾವಣೆಯ ಗುರುತು) ನಂಬ್ರದ ಎದುರು ಕ್ಲೇಮ್ ನಂಬ್ರ, ಕಡಿತದ ಕಾರಣ ಆಗಿಂದಾಗ್ಗೆ ಬರೆಸು. ಕೆಪಿಎಂಇ ಅವಧಿ ಮುಗಿಯುವ ತಾರೀಕನ್ನು ಬಿಲ್ಲಿಂಗ್ ಕೌಂಟರಿನಲ್ಲಿ ಕಾಣುವಂತೆ ಅಂಟಿಸು. ಅದು ತಪ್ಪಿದರೆ ಕ್ಯಾಶ್‌ಲೆಸ್ ನಿಲ್ಲಿಸಿಬಿಡುತ್ತಾರೆ.

ದರಪಟ್ಟಿ ಬಂದಾಗ ಸಹಿಗೆ ಮುಂಚೆ ನನಗೊಮ್ಮೆ ಕಳಿಸು.

ಇತಿ,
ನಿನ್ನ ದೊಡ್ಡಪ್ಪ